ಉರು ಹೊಡೆದ ಲೈಸೆನ್ಸು

ಪ್ರೀತಿಯ ಪುಟ್ಟಿ,

ನೀನು ಅಮೆರಿಕದಲ್ಲಿ ಹ್ಯಾಮ್ ರೇಡಿಯೊದ ಟೆಕ್ನಿಷಿಯನ್ ಪರೀಕ್ಷೆ ಪಾಸು ಮಾಡಿದ ಸುದ್ದಿ ಬಂದ ದಿನವೇ ನಿನ್ನಜ್ಜಿ ಪಾಯಸ ಮಾಡಿದಳು. ಆಮೇಲೆ ಇನ್ನೊಂದು ಮಾತೂ ಕಿವಿಗೆ ಬಿತ್ತು. ನ್ಯೂಜೆರ್ಸಿಯ ನಿಮ್ಮ ಹ್ಯಾಮ್ ಕ್ಲಬ್ಬಿನ ಹಿರಿಯರೊಬ್ಬರು "ಈಗಿನದೆಲ್ಲ ಉರು ಹೊಡೆದ ಲೈಸೆನ್ಸು" ಅಂದರಂತೆ, ನೀನು ಮುಖ ಸಪ್ಪಗೆ ಮಾಡಿಕೊಂಡೆಯಂತೆ.

ಅವರು ಹೇಳಿದ್ದರಲ್ಲಿ ಅರ್ಧ ನಿಜ. ನಿನ್ನ ಪರೀಕ್ಷೆಯ 400ಕ್ಕೂ ಹೆಚ್ಚು ಪ್ರಶ್ನೆಗಳು ಉತ್ತರ ಸಮೇತ ಮೊದಲೇ ಬಹಿರಂಗ. ಅದರಲ್ಲಿ 35 ಕೇಳುತ್ತಾರೆ, 26 ಸರಿಯಾದರೆ ಪಾಸು. ಅವರ ಕಾಲದಲ್ಲಿ ನಿನ್ನದಕ್ಕಿಂತ ಮೇಲಿನ ಜನರಲ್ ದರ್ಜೆಗೆ ನಿಮಿಷಕ್ಕೆ 13 ಪದದ ವೇಗದಲ್ಲಿ ಮೋರ್ಸ್ ಸಂಕೇತ ಬರಬೇಕಿತ್ತು, ಎಕ್ಸ್‌ಟ್ರಾ ದರ್ಜೆಗೆ 20. ಆದರೆ ಉರು ಹೊಡೆಯುವುದು ನಿಮ್ಮಿಂದ ಶುರುವಾಗಿದ್ದಲ್ಲ. ಪ್ರಶ್ನೆಗಳು ಗುಟ್ಟಾಗಿದ್ದ ಕಾಲದಲ್ಲೇ ಡಿಕ್ ಬ್ಯಾಷ್ ಎಂಬಾತ, ಪರೀಕ್ಷೆ ಬರೆದು ಬಂದವರಿಂದ ಪ್ರಶ್ನೆಗಳನ್ನು ಕೇಳಿ ತಿಳಿದು, ಪುಸ್ತಕ ಮಾಡಿ ಮಾರಿದ್ದ. ಕೊಂಡವರೂ ಈ ಹಿರಿಯರ ಓರಗೆಯವರೇ!

ನಾನು ಪರೀಕ್ಷೆ ಬರೆದ ಕಾಲಕ್ಕೆ ಇಲ್ಲಿ ಭಾರತದಲ್ಲಿ ಎರಡನೇ ದರ್ಜೆಗೆ ನಿಮಿಷಕ್ಕೆ 5 ಪದ, ಮೊದಲನೇ ದರ್ಜೆಗೆ 12 ಬರಬೇಕಿತ್ತು. ಹೇಳಲು ಸಣ್ಣ ಸಂಖ್ಯೆ. ಪೆನ್ಸಿಲ್ ಹಿಡಿದು ಕೂತಾಗ ಗೊತ್ತಾಗುತ್ತದೆ. ಬಿಟ್ಟುಹೋದ ಅಕ್ಷರ ಯಾವುದಿತ್ತಪ್ಪಾ ಅಂತ ಯೋಚಿಸಿದೆಯೋ, ಮುಂದಿನ ನಾಲ್ಕು ಹೋದವು. ಜಾಗ ಖಾಲಿ ಬಿಟ್ಟು ಮುಂದೆ ಹೋಗುವುದನ್ನು ಕಲಿಯುವುದೇ ಅರ್ಧ ವಿದ್ಯೆ. ಕಳಿಸುವ ಸರದಿ ಬಂದಾಗ ಬೆರಳು ಬೆವರಿ ಕೀಯ ಗುಬುಟು ಜಾರುತ್ತಿತ್ತು. ಥಿಯರಿಯಲ್ಲಿ ಸೂಪರ್‌ಹೆಟರೊಡೈನ್ ರಿಸೀವರಿನ ಚಿತ್ರ ಬರೆದು ವಿವರಿಸಬೇಕಿತ್ತು. ಕಷ್ಟವೇ. ಆದರೆ ಉಪಗ್ರಹದ ಮೂಲಕ ಮಾತಾಡುವುದು ಹೇಗೆ, ಆಂಟೆನಾದ ವಿಕಿರಣದಿಂದ ಪಕ್ಕದ ಮನೆಯವರನ್ನು ಎಷ್ಟು ದೂರ ಇಡಬೇಕು ಅಂತ ನಮ್ಮನ್ನು ಯಾರೂ ಕೇಳಲಿಲ್ಲ. ನಿನ್ನನ್ನು ಕೇಳಿದರು. ಕೈಗೂ ಕಿವಿಗೂ ಇದ್ದ ಪರೀಕ್ಷೆ ಈಗ ತಲೆಗೆ ಬಂದಿದೆ, ಅಷ್ಟೇ.

ಪರೀಕ್ಷೆಯಿಂದ ಮೋರ್ಸ್ ಹೋದದ್ದು ಯಾರ ಸೋಮಾರಿತನದಿಂದಲೂ ಅಲ್ಲ. ಹಡಗುಗಳೇ 1999ರ ಹೊತ್ತಿಗೆ ಅದನ್ನು ಬಿಟ್ಟು ಉಪಗ್ರಹ ಹಿಡಿದಿದ್ದವು. ಹವ್ಯಾಸಿಗಳಿಗೆ ಅದು ಬೇಕೋ ಬೇಡವೋ ಎಂಬುದನ್ನು 2003ರ ಜಿನೀವಾದ ವಿಶ್ವ ರೇಡಿಯೊ ಸಮ್ಮೇಳನ ಆಯಾ ದೇಶಕ್ಕೇ ಬಿಟ್ಟಿತು. ಅಮೆರಿಕ 2007ರ ಫೆಬ್ರುವರಿಯಲ್ಲಿ ಎಲ್ಲ ದರ್ಜೆಗಳಿಂದಲೂ ತೆಗೆದುಹಾಕಿತು. ನಿನ್ನ ದರ್ಜೆಗಂತೂ 1991ರಿಂದಲೇ ಬೇಕಿರಲಿಲ್ಲ.

ಈಗ ತಮಾಷೆ ನೋಡು. 80, 40, 15 ಮೀಟರ್ ಬ್ಯಾಂಡುಗಳಲ್ಲಿ ನಿನ್ನ ಲೈಸೆನ್ಸಿಗೆ ಸಿಕ್ಕಿರುವ ಜಾಗವೆಲ್ಲ ಮೋರ್ಸಿಗೆ ಮಾತ್ರ! ಪರೀಕ್ಷೆಯಲ್ಲಿ ಕೇಳದೇ ಇದ್ದದ್ದನ್ನೇ ಬಳಸು ಅಂತ ಬಾಗಿಲು ತೆಗೆದಿಟ್ಟಿದ್ದಾರೆ. ಬಾಯಲ್ಲಿ ಮಾತಾಡಲು 10 ಮೀಟರಿನಲ್ಲಿ ಒಂದು ತುಂಡು ಇದೆ, ಅದಕ್ಕೆ ಸೂರ್ಯನ ಕೃಪೆಯೂ ಬೇಕು.

ಆ ಹಿರಿಯರಿಗೆ ಎದುರುತ್ತರ ಕೊಡಬೇಡ. "ಮೋರ್ಸ್ ಕಲಿಸಿಕೊಡಿ" ಅಂತ ಅವರ ಹಿಂದೆ ಬೀಳು. ಇಂಥವರು ಬಯ್ಯುತ್ತಲೇ ಚೆನ್ನಾಗಿ ಕಲಿಸುತ್ತಾರೆ. ಕೈ ಕುದುರಿದ ಮೇಲೆ ಶನಿವಾರ ನಿನ್ನ ಬೆಳಗಿನ ಒಂಬತ್ತೂವರೆಗೆ, ಅಂದರೆ ಬೇಸಿಗೆಯಲ್ಲಿ ನಮ್ಮ ಸಂಜೆ ಏಳಕ್ಕೆ, 15 ಮೀಟರಿನಲ್ಲಿ ಕರೆ. ನಿಧಾನವಾಗಿ ಕಳಿಸು, ನನ್ನ ಕಿವಿ ಈಗ ಹನ್ನೆರಡರ ವೇಗಕ್ಕೆ ಓಡುವುದಿಲ್ಲ.

ನಿನ್ನ,
ಅಜ್ಜ