ಕ್ರೀಡಾಂಗಣದ ಆರೋಗ್ಯವಿದ್ಯೆ: ಪದವಿಯ ಹಿಂದಿನ ಸಿದ್ಧತೆ



ಮಂಡಿನೋವಿನ ಚಿಕಿತ್ಸೆಗೆಂದು ಬಂದಿದ್ದ ಹಿರಿಯರೊಬ್ಬರು ಹೊರಡುವ ಮುನ್ನ ಒಂದು ಸಂದೇಹವನ್ನು ಮುಂದಿಟ್ಟರು. ಅಮೆರಿಕದಲ್ಲಿ ನೆಲೆಸಿರುವ ಅವರ ಮೊಮ್ಮಗಳು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ‘ಅಥ್ಲೆಟಿಕ್ ಟ್ರೈನಿಂಗ್’ ಓದಲು ಬಯಸಿದ್ದಾಳೆ. “ಇದು ವ್ಯಾಯಾಮಶಾಲೆಯ ಮೇಷ್ಟ್ರ ಕೆಲಸವಲ್ಲವೇ ಡಾಕ್ಟರೆ? ಇದಕ್ಕೂ ಸ್ನಾತಕೋತ್ತರ ಪದವಿ ಬೇಕೇ?” ಎಂಬುದು ಅವರ ಪ್ರಶ್ನೆ. ಈ ಸಂದೇಹ ಅನೇಕರಲ್ಲಿ ಇರುವುದರಿಂದ ಉತ್ತರವನ್ನು ಇಲ್ಲಿ ವಿಸ್ತರಿಸುತ್ತೇನೆ.

ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ. ಅಥ್ಲೆಟಿಕ್ ಟ್ರೈನರ್ ಎಂದರೆ ಕಸರತ್ತು ಹೇಳಿಕೊಡುವವನಲ್ಲ. ಆಟಗಾರರಿಗೆ ಪೆಟ್ಟಾಗದಂತೆ ಮುನ್ನೆಚ್ಚರಿಕೆ ವಹಿಸುವುದು, ಪೆಟ್ಟಾದಾಗ ಅದರ ಸ್ವರೂಪವನ್ನು ಗುರುತಿಸುವುದು, ತುರ್ತು ಚಿಕಿತ್ಸೆ ನೀಡುವುದು, ಗುಣಮುಖನಾದವನನ್ನು ಕ್ರಮಕ್ರಮವಾಗಿ ಅಂಗಳಕ್ಕೆ ಮರಳಿಸುವುದು ಅವನ ಕರ್ತವ್ಯಗಳು. ಇವನ್ನು ವೈದ್ಯರ ಸಹಯೋಗದಲ್ಲಿ ನಿರ್ವಹಿಸುತ್ತಾನೆ. ಈ ವೃತ್ತಿಯವರ ರಾಷ್ಟ್ರೀಯ ಸಂಘ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1950ರಲ್ಲಿ ಸ್ಥಾಪನೆಯಾಯಿತು. 1990ರಲ್ಲಿ ಅಲ್ಲಿಯ ವೈದ್ಯಕೀಯ ಸಂಘವು ಇದನ್ನು ವೈದ್ಯಕ್ಕೆ ಪೂರಕವಾದ ಆರೋಗ್ಯವೃತ್ತಿಯೆಂದು ಮಾನ್ಯಮಾಡಿತು.

ಈ ವಿದ್ಯೆಯ ಬೆಲೆಯನ್ನು ಒಂದು ಘಟನೆ ಜಗತ್ತಿಗೇ ತೋರಿಸಿತು. 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಬಫಲೊ ಬಿಲ್ಸ್ ತಂಡದ ಡಾಮರ್ ಹ್ಯಾಮ್ಲಿನ್ ಎದುರಾಳಿಯನ್ನು ತಡೆದು ಎದ್ದು ನಿಂತವನೇ ಕುಸಿದುಬಿದ್ದ. ಎದೆಗೆ ಬಿದ್ದ ಹೊಡೆತಕ್ಕೆ ಹೃದಯ ಸ್ತಬ್ಧವಾಗಿತ್ತು. ತಂಡದ ಸಹಾಯಕ ಅಥ್ಲೆಟಿಕ್ ಟ್ರೈನರ್ ಡೆನ್ನಿ ಕೆಲ್ಲಿಂಗ್ಟನ್ ಅಂಗಳದಲ್ಲಿಯೇ ಎದೆಯೊತ್ತುವ ಸಿ.ಪಿ.ಆರ್. ಚಿಕಿತ್ಸೆ ನೀಡಿದರು. ಆಟಗಾರ ಬದುಕಿದ, ಅದೇ ವರ್ಷ ಆಟಕ್ಕೂ ಮರಳಿದ. ಅಂಥ ಗಳಿಗೆಯಲ್ಲಿ ಪುಸ್ತಕ ತೆರೆದು ನೋಡಲು ಸಮಯವಿರುವುದಿಲ್ಲ. ಕಲಿತದ್ದು ಕೈಯಲ್ಲಿಯೇ ಇರಬೇಕು.

ಪದವಿಗೆ ಬೇಕಾದ ಅರ್ಹತೆಗಳು

ಹಿಂದೆ ಅಮೆರಿಕದಲ್ಲಿ ಸ್ನಾತಕ ಪದವಿಯಿಂದಲೇ ಈ ವೃತ್ತಿಯನ್ನು ಪ್ರವೇಶಿಸಬಹುದಾಗಿತ್ತು. ಸ್ನಾತಕೋತ್ತರ ಪದವಿಯೇ ಪ್ರವೇಶದ ಅರ್ಹತೆಯಾಗಬೇಕೆಂಬ ನಿರ್ಧಾರವನ್ನು ವೃತ್ತಿಯ ಪ್ರಮುಖ ಸಂಸ್ಥೆಗಳು 2015ರಲ್ಲಿ ಪ್ರಕಟಿಸಿದವು. ಅದರಂತೆ 2022ರ ಶರತ್ಕಾಲದ ಅವಧಿ ಆರಂಭವಾದ ಬಳಿಕ ಸ್ನಾತಕ ಮಟ್ಟದ ವೃತ್ತಿಶಿಕ್ಷಣಕ್ಕೆ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವಂತಿಲ್ಲ.

ಈ ಸ್ನಾತಕೋತ್ತರ ಶಿಕ್ಷಣಕ್ಕೆ ಸೇರುವ ಮುನ್ನವೇ ಕಾಲೇಜು ಮಟ್ಟದಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಮನಃಶಾಸ್ತ್ರ, ಶರೀರರಚನೆ ಮತ್ತು ಶರೀರಕ್ರಿಯೆ ಎಂಬ ಆರು ವಿಷಯಗಳನ್ನು ಓದಿ ಮುಗಿಸಿರಬೇಕು. ಸೇರಿದ ಮೇಲೆ ಪಾಠದೊಂದಿಗೆ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಪ್ರತ್ಯಕ್ಷ ಚಿಕಿತ್ಸಾನುಭವ ಪಡೆಯಬೇಕು. ಅದರಲ್ಲಿ ಕನಿಷ್ಠ 4 ವಾರಗಳ ಒಂದು ಅವಧಿಯನ್ನಾದರೂ ಎಡೆಬಿಡದೆ, ಪೂರ್ಣಾವಧಿಯಾಗಿ ಚಿಕಿತ್ಸಾಕ್ಷೇತ್ರದಲ್ಲಿಯೇ ಕಳೆಯಬೇಕು. ಕ್ರೀಡಾಪಟುಗಳಷ್ಟೇ ಅಲ್ಲದೆ ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಕಸುಬಿನ ಜನರನ್ನೂ ನೋಡಿ ಕಲಿಯಬೇಕು. ಕೊನೆಗೆ ಬೋರ್ಡ್ ಆಫ್ ಸರ್ಟಿಫಿಕೇಶನ್ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಲ್ಲಿಗೂ ಓದು ಮುಗಿಯದು. ವೃತ್ತಿಯಲ್ಲಿರುವಷ್ಟು ಕಾಲವೂ ಮುಂದುವರಿದ ಶಿಕ್ಷಣ ಕಡ್ಡಾಯ.

ನಮಗೆ ಈ ಕ್ರಮ ಅಪರಿಚಿತವಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ‘ಯೋಗ್ಯಾ’ ಎಂಬ ಅಭ್ಯಾಸಕ್ಕೆಂದೇ ಒಂದು ಅಧ್ಯಾಯವಿದೆ. ಶಿಷ್ಯನು ರೋಗಿಯನ್ನು ಮುಟ್ಟುವ ಮುನ್ನ ಸೋರೆಕಾಯಿ, ಸೌತೆಕಾಯಿಗಳ ಮೇಲೆ ಛೇದನವನ್ನೂ ಬಟ್ಟೆಯ ಬೊಂಬೆಯ ಮೇಲೆ ಪಟ್ಟಿ ಕಟ್ಟುವುದನ್ನೂ ಅಭ್ಯಾಸ ಮಾಡಬೇಕೆಂಬುದು ಅಲ್ಲಿಯ ವಿಧಿ. ಇಂದಿನ ಬಿ.ಎ.ಎಂ.ಎಸ್. ಪದವಿಯಲ್ಲಿಯೂ ನಾಲ್ಕೂವರೆ ವರ್ಷದ ಓದಿನ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್ ಇರುವುದು ಇದೇ ಕಾರಣಕ್ಕೆ.

ತಿಳಿದದ್ದು ನಡೆಯದಿದ್ದಾಗ

ಆದರೆ ಪದವಿಯೊಂದೇ ಪ್ರಾಣ ಉಳಿಸದು. 2018ರ ಮೇ ತಿಂಗಳಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಅಭ್ಯಾಸದ ವೇಳೆ ಜೋರ್ಡನ್ ಮೆಕ್‌ನೇರ್ ಎಂಬ 19 ವರ್ಷದ ತರುಣ ಉಷ್ಣಾಘಾತಕ್ಕೆ ಒಳಗಾದ. ಇಂಥ ಸಂದರ್ಭದಲ್ಲಿ ದೇಹದ ಒಳತಾಪವನ್ನು ಕೂಡಲೇ ಅಳೆದು, ರೋಗಿಯನ್ನು ತಣ್ಣೀರಿನಲ್ಲಿ ಮುಳುಗಿಸಿ, ಸುಮಾರು 30 ನಿಮಿಷದೊಳಗೆ ತಾಪವನ್ನು ಇಳಿಸಬೇಕು. ಮೊದಲು ತಂಪು, ಬಳಿಕ ಆಸ್ಪತ್ರೆ ಎಂಬುದು ಇಲ್ಲಿಯ ನಿಯಮ. ಅಂದು ಒಳತಾಪವನ್ನು ಅಳೆಯಲಿಲ್ಲ, ತಣ್ಣೀರಿನಲ್ಲಿ ಮುಳುಗಿಸಲೂ ಇಲ್ಲ ಎಂಬುದು ಪರಿಶೀಲನೆಯಿಂದ ಹೊರಬಂತು. ಜೂನ್ 13ರಂದು ಆ ತರುಣ ತೀರಿಕೊಂಡ. ವಿಶ್ವವಿದ್ಯಾಲಯದ ಅಧ್ಯಕ್ಷರು ತಮ್ಮ ಸಿಬ್ಬಂದಿಯ ತಪ್ಪಿನ ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡರು.

ಶಾಸ್ತ್ರದಲ್ಲಿ ಚಿಕಿತ್ಸೆ ಇತ್ತು. ಅಂಗಳದಲ್ಲಿ ಅದು ನಡೆಯಲಿಲ್ಲ. ಇವೆರಡರ ನಡುವಿನ ಅಂತರವನ್ನು ಕಿರಿದುಗೊಳಿಸುವುದೇ ಮೇಲೆ ಹೇಳಿದ ಅರ್ಹತೆಗಳ ಉದ್ದೇಶ.

ಆರೋಗ್ಯ ಸಂವರ್ಧನೆ: ಜೊತೆಯ ದಾರಿ

ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದೇ ವಿಭಾಗದಲ್ಲಿ ‘ಹೆಲ್ತ್ ಪ್ರಮೋಷನ್’, ಅಂದರೆ ಆರೋಗ್ಯ ಸಂವರ್ಧನೆ ಎಂಬ ಪದವಿಯೂ ಇರುತ್ತದೆ. 1986ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಈ ಕ್ಷೇತ್ರಕ್ಕೆ ದಿಕ್ಕು ತೋರಿಸಿತು. ಇಲ್ಲಿ ಗಮನವಿರುವುದು ಬಿದ್ದವನ ಮೇಲಲ್ಲ, ಬೀಳದಂತೆ ಕಾಯಬೇಕಾದ ಸಮುದಾಯದ ಮೇಲೆ. ಜನರ ಅಗತ್ಯವನ್ನು ಅರಿಯುವುದು, ಯೋಜನೆ ರೂಪಿಸುವುದು, ನಡೆಸುವುದು, ಫಲವನ್ನು ಅಳೆಯುವುದು, ತಿಳಿವಳಿಕೆ ಮೂಡಿಸುವುದು ಇದರ ಪಾಠಗಳು. ‘ಚೆಸ್’ ಎಂಬ ಆರೋಗ್ಯ ಶಿಕ್ಷಣತಜ್ಞರ ಪ್ರಮಾಣಪತ್ರ ಪರೀಕ್ಷೆಗೆ ಪದವಿಯ ಜೊತೆಗೆ ಆರೋಗ್ಯ ಶಿಕ್ಷಣವನ್ನೇ ಮುಖ್ಯ ವಿಷಯವಾಗಿ ಓದಿರಬೇಕು, ಇಲ್ಲವೇ ಆ ಸಂಬಂಧದ 25 ಸೆಮಿಸ್ಟರ್ ಕ್ರೆಡಿಟ್‌ಗಳನ್ನು ಗಳಿಸಿರಬೇಕು. ಇದಕ್ಕೆ ಸ್ನಾತಕ ಪದವಿ ಸಾಕು.

ಸ್ವಸ್ಥನ ರಕ್ಷಣೆ, ಆತುರನ ಚಿಕಿತ್ಸೆ ಎಂದು ಆಯುರ್ವೇದ ತನ್ನ ಪ್ರಯೋಜನವನ್ನು ಎರಡಾಗಿ ಹೇಳುತ್ತದೆ. ಈ ಎರಡು ಪದವಿಗಳು ಅವೆರಡನ್ನೂ ನೆನಪಿಗೆ ತರುತ್ತವೆ.

ಪೋಷಕರಿಗೆ ಒಂದು ಮಾತು

ಪ್ರಶ್ನೆ ಕೇಳಿದ ಹಿರಿಯರಿಗೆ ನಾನು ಹೇಳಿದ್ದು ಇಷ್ಟು. ಮೊಮ್ಮಗಳು ಮೊದಲ ವರ್ಷದಲ್ಲಿಯೇ ಎರಡು ವಿಷಯಗಳನ್ನು ಖಚಿತಪಡಿಸಿಕೊಳ್ಳಲಿ. ಮೊದಲನೆಯದು, ಮುಂದೆ ಸೇರಬಯಸುವ ಸ್ನಾತಕೋತ್ತರ ಶಿಕ್ಷಣಕ್ಕೆ ‘ಕೇಟ್’ ಎಂಬ ಮಾನ್ಯತಾ ಆಯೋಗದ ಮನ್ನಣೆ ಇದೆಯೇ? ಎರಡನೆಯದು, ಈಗ ಓದುತ್ತಿರುವ ಸ್ನಾತಕ ಪದವಿಯಲ್ಲಿ ಆ ಆರು ವಿಷಯಗಳೂ ಇವೆಯೇ? ವ್ಯಾಯಾಮ ವಿಜ್ಞಾನವೆಂದೋ ಆರೋಗ್ಯ ಸಂವರ್ಧನೆಯೆಂದೋ ಹೆಸರುಳ್ಳ ಸ್ನಾತಕ ಪದವಿಯಷ್ಟರಿಂದಲೇ ಅಥ್ಲೆಟಿಕ್ ಟ್ರೈನರ್ ಪರೀಕ್ಷೆಗೆ ಕೂರಲಾಗದು. ನಾಲ್ಕು ವರ್ಷ ಕಳೆದ ಮೇಲೆ ಇದನ್ನು ಅರಿತರೆ ಹಣವೂ ಕಾಲವೂ ವ್ಯರ್ಥ.

ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಇದು ಮೇಷ್ಟ್ರ ಕೆಲಸವಲ್ಲ, ವೈದ್ಯರ ಜೊತೆಗಾರರ ಕೆಲಸ” ಎಂದರು. ಹೌದು. ಇತರರ ಮಕ್ಕಳ ಪ್ರಾಣವನ್ನು ಕಾಯಲು ಹೊರಟವಳಿಗೆ ಆ ಎರಡು ವರ್ಷದ ಹೆಚ್ಚಿನ ಓದು ಭಾರವೆನಿಸಬಾರದು.