ವಿದ್ಯುಚ್ಚಾಲಿತ ವಿಮಾನ: ಭವಿತವ್ಯ ಮತ್ತು ಮಿತಿ

‘ವಿಮಾನ’ ಶಬ್ದದ ಮೂಲದಲ್ಲಿರುವುದು ‘ಮಾ’ ಎಂಬ ಧಾತು. ಅಳೆಯುವುದು ಎಂದು ಅದರ ಅರ್ಥ. ಆಕಾಶವನ್ನು ಅಳೆಯುತ್ತ ಸಾಗುವುದೇ ವಿಮಾನವೆಂದು ಬಲ್ಲವರು ವಿವರಿಸುವುದುಂಟು. ವಿದ್ಯುತ್ತಿನಿಂದ ನಡೆಯುವ ವಿಮಾನಗಳ ವಿಷಯದಲ್ಲಿ ಈ ಅಳತೆಯ ಪ್ರಶ್ನೆಯೇ ಮುಖ್ಯವಾಗಿದೆ. ಹೊಗೆಯಿಲ್ಲ, ಸದ್ದು ಕಡಿಮೆ, ಖರ್ಚೂ ಕಡಿಮೆ ಎಂಬ ವಾರ್ತೆಗಳನ್ನು ಓದಿದವರು, ನಾಳೆಯೇ ಕಲಬುರಗಿಯಿಂದ ಬೆಂಗಳೂರಿಗೆ ಅಂಥ ವಿಮಾನ ಹಾರೀತೆಂದು ಆಶಿಸುವುದು ಸಹಜ. ಆ ಆಶೆಯನ್ನು ಲೆಕ್ಕದ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.

ಈ ಕಲ್ಪನೆ ಹೊಸದೇನಲ್ಲ. 1883ರಲ್ಲಿಯೇ ಫ್ರಾನ್ಸಿನ ಟಿಸಾಂಡಿಯೇ ಸಹೋದರರು ವಿದ್ಯುತ್ ಮೋಟಾರಿನಿಂದ ವಾಯುನೌಕೆಯೊಂದನ್ನು ನಡೆಯಿಸಿದ್ದರು. ಮನುಷ್ಯನನ್ನು ಹೊತ್ತ ವಿದ್ಯುತ್ ವಿಮಾನ 1973ರ ಅಕ್ಟೋಬರದಲ್ಲಿ ಆಸ್ಟ್ರಿಯಾ ದೇಶದಲ್ಲಿ ಹಾರಿತು. ಅದು ಆಕಾಶದಲ್ಲಿದ್ದುದು ಹತ್ತು ನಿಮಿಷಗಳ ಆಸುಪಾಸು ಮಾತ್ರ. 2020ರ ಜೂನ್ ತಿಂಗಳಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯ ಮನ್ನಣೆ ಪಡೆದ ಮೊದಲ ವಿದ್ಯುತ್ ವಿಮಾನ ‘ವೆಲಿಸ್ ಎಲೆಕ್ಟ್ರೋ’. ಇಬ್ಬರು ಕೂಡ್ರುವ, 600 ಕಿಲೋ ತೂಕದ ಈ ವಿಮಾನ ಹಾರುವುದು ಸುಮಾರು 50 ನಿಮಿಷ. ಅರ್ಧ ಶತಮಾನದ ಪ್ರಗತಿಯ ಫಲವಿದು! ಮೋಟಾರಿನಲ್ಲಿ ದೋಷವಿಲ್ಲ, ದೋಷವಿರುವುದು ಬ್ಯಾಟರಿಯ ಭಾರದಲ್ಲಿ.

ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12,000 ವಾಟ್-ಗಂಟೆಗಳಷ್ಟು ಶಕ್ತಿ ಅಡಗಿದೆ. ಕವಚ, ತಂತಿಗಳೆಲ್ಲ ಸೇರಿ ಒಂದು ಕಿಲೋ ತೂಗುವ ಬ್ಯಾಟರಿಯಲ್ಲಿ ಇರುವುದು ಹೆಚ್ಚೆಂದರೆ 200ರ ಸುಮಾರು. ಉರಿಯುವ ಇಂಧನದ ಮೂರರಲ್ಲಿ ಎರಡು ಪಾಲು ಶಾಖವಾಗಿ ವ್ಯರ್ಥವಾಗುತ್ತದೆ, ವಿದ್ಯುತ್ತಿನಲ್ಲಿ ಅಷ್ಟು ನಷ್ಟವಿಲ್ಲವೆಂಬುದು ನಿಜ. ಆ ರಿಯಾಯಿತಿಯನ್ನು ಕೊಟ್ಟ ಮೇಲೂ ಅಂತರ ಇಪ್ಪತ್ತು ಪಟ್ಟಿಗೆ ಕಡಿಮೆಯಾಗದು. ಇದಕ್ಕಿಂತಲೂ ತೊಡಕಿನ ಸಂಗತಿ ಇನ್ನೊಂದಿದೆ. ಬುತ್ತಿ ಕಟ್ಟಿಕೊಂಡು ಹೊರಟ ದಾರಿಕಾರನ ಗಂಟು ರೊಟ್ಟಿ ತಿಂದಂತೆಲ್ಲ ಹಗುರಾಗುತ್ತದೆ. ಇಂಧನದ ವಿಮಾನವೂ ಹಾಗೆಯೇ. ಬ್ಯಾಟರಿಯಾದರೋ ಉಂಡರೂ ಹಗುರಾಗದ ಬುತ್ತಿ. ಅದರೊಳಗಿನ ಶಕ್ತಿಯೆಲ್ಲ ತೀರಿದ ಮೇಲೂ ಅದೇ ಭಾರವನ್ನು ಹೊತ್ತು ಇಳಿಯಬೇಕು.

ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕವೊಂದು ಇಲ್ಲಿದೆ. ಒಳ್ಳೆಯ ವಿಮಾನವೊಂದರ ಪ್ರತಿ 100 ಕಿಲೋ ತೂಕವನ್ನು ಒಂದು ಕಿಲೋಮೀಟರು ಒಯ್ಯಲು ಸುಮಾರು 23 ವಾಟ್-ಗಂಟೆ ಬೇಕಾಗುತ್ತದೆ. ಆ 100 ಕಿಲೋದಲ್ಲಿ 30 ಕಿಲೋ ಬ್ಯಾಟರಿಯೇ ಇರಲಿ. ಉಳಿದುದರಲ್ಲಿ ರೆಕ್ಕೆ, ಮೈ, ಮೋಟಾರು, ಜನ ಎಲ್ಲವೂ ಅಡಕವಾಗಬೇಕು. ಆಗ ದೊರೆಯುವ ಶಕ್ತಿ 6,000 ವಾಟ್-ಗಂಟೆ. ಸಾಗುವ ದೂರ ಸುಮಾರು 260 ಕಿ.ಮೀ. ಆದರೆ ಇಳಿಯುವ ನೆಲದ ಮೇಲೆ ಅಡಚಣೆ ಒದಗಿದರೆ ಸುತ್ತುತ್ತಿರಲು ಅರ್ಧ ಗಂಟೆಯ ಶಕ್ತಿಯನ್ನು ಕಾದಿರಿಸುವುದು ಅನಿವಾರ್ಯ. ಗಂಟೆಗೆ 250 ಕಿ.ಮೀ. ವೇಗದಲ್ಲಿ ಅದಕ್ಕೆ 125 ಕಿ.ಮೀ. ಕಳೆದರೆ ಉಳಿಯುವುದು 135. ಸ್ವೀಡನ್ನಿನ ಹಾರ್ಟ್ ಏರೋಸ್ಪೇಸ್ ಕಂಪನಿ 19 ಆಸನಗಳ ವಿಮಾನಕ್ಕೆ 400 ಕಿ.ಮೀ. ಎಂದು ಮೊದಲು ಸಾರಿತ್ತು. 2022ರಲ್ಲಿ ಅದು ಯೋಜನೆಯನ್ನೇ ಬದಲಿಸಿ, ಬ್ಯಾಟರಿಯೊಂದರಿಂದಲೇ ಆದರೆ 200 ಕಿ.ಮೀ., ಅದಕ್ಕಿಂತ ದೂರಕ್ಕೆ ಇಂಧನದ ನೆರವು ಎಂದಿತು.

ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಗೊಂಡದ್ದು 2019ರ ನವೆಂಬರ 22ರಂದು. ಅಲ್ಲಿಂದ ಬೆಂಗಳೂರಿನ ನಿಲ್ದಾಣ ಆಕಾಶಮಾರ್ಗದಲ್ಲಿ ಸುಮಾರು 460 ಕಿ.ಮೀ., ಹೈದರಾಬಾದಿನದು ಸುಮಾರು 155, ಸೊಲ್ಲಾಪುರ 115ರ ಆಸುಪಾಸು, ಬೀದರ 90ಕ್ಕೂ ಕಡಿಮೆ. ಅಂದರೆ ಬ್ಯಾಟರಿಯ ವಿಮಾನ ಸೊಲ್ಲಾಪುರ, ಬೀದರಗಳನ್ನು ಮುಟ್ಟೀತು, ಹೈದರಾಬಾದಿನ ಹೊಸ್ತಿಲಲ್ಲಿ ಸೋತೀತು. ಆದರೆ ಆಳಂದದ ರೈತನಾಗಲಿ ಅಫಜಲಪುರದ ವ್ಯಾಪಾರಿಯಾಗಲಿ ಸೊಲ್ಲಾಪುರಕ್ಕೆ ಹೋಗಲು ಮೊದಲು ಪೂರ್ವಕ್ಕೆ ಕಲಬುರಗಿಯಾಚೆಯ ನಿಲ್ದಾಣಕ್ಕೆ ಹೋಗುವುದುಂಟೆ? ಬಸ್ಸಿನಲ್ಲಿ ಅಷ್ಟರೊಳಗೆ ಅರ್ಧ ದಾರಿ ಕಳೆದಿರುತ್ತದೆ. ವಿಮಾನ ನಿಜವಾಗಿ ಬೇಕಾಗುವುದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ರೋಗಿಯನ್ನು ಒಯ್ಯುವಾಗ. ಬ್ಯಾಟರಿ ಮುಟ್ಟುವಲ್ಲಿ ವಿಮಾನ ಬೇಡ. ವಿಮಾನ ಬೇಕಾದಲ್ಲಿ ಬ್ಯಾಟರಿ ಮುಟ್ಟದು. ಬ್ಯಾಟರಿಯ ಶಕ್ತಿ ಇಮ್ಮಡಿಯಾಗಿ ಕಿಲೋಗೆ 400 ವಾಟ್-ಗಂಟೆಯಾದರೂ, ಕಾದಿರಿಸಿದ್ದನ್ನು ಕಳೆದು ಸಿಕ್ಕುವುದು 395 ಕಿ.ಮೀ.; ಬೆಂಗಳೂರು ಆಗಲೂ ದೂರವೇ. ಈ ಭಾಗದ ಬೇಸಗೆಯೂ ಅನುಕೂಲವಲ್ಲ. ಬಿಸಿಗಾಳಿ ತೆಳುವಾದ್ದರಿಂದ ರೆಕ್ಕೆಗೆ ಆಸರೆ ಕಡಿಮೆ, ಕಾವಿನಿಂದ ಬ್ಯಾಟರಿಯ ಆಯುಷ್ಯವೂ ಕಡಿಮೆ.

ಹೀಗೆಂದು ವಿದ್ಯುತ್ ವಿಮಾನವನ್ನು ಅಲ್ಲಗಳೆಯುವುದು ಅವಿವೇಕ. ಪೈಲಟ್ ಆಗಬಯಸುವ ವಿದ್ಯಾರ್ಥಿ ದೂರ ಹೋಗಬೇಕಾಗಿಲ್ಲ. ನಿಲ್ದಾಣದ ಸುತ್ತಲೇ ಏರಿ ಇಳಿಯುವುದನ್ನು ನೂರು ಸಲ ಕಲಿಯಬೇಕು. ಅದಕ್ಕೆ ಮುಕ್ಕಾಲು ಗಂಟೆ ಸಾಕು. ‘ಹಂಸ’ವೆಂಬ ಎರಡಾಸನದ ತರಬೇತಿ ವಿಮಾನವನ್ನು ರೂಪಿಸಿದ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಶಾಲೆಯಲ್ಲಿಯೇ ‘ಇ-ಹಂಸ’ವೆಂಬ ವಿದ್ಯುತ್ ವಿಮಾನ ಸಿದ್ಧವಾಗಲಿದೆಯೆಂದು 2025ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿತು. ಶಿಕ್ಷಣದ ಖರ್ಚಿನಲ್ಲಿ ಪೆಟ್ರೋಲಿನ ಪಾಲು ಇಳಿದರೆ ತೊಗರಿ ಬೆಳೆಯುವವನ ಮಗಳಿಗೂ ಆ ವಿದ್ಯೆ ಕೈಗೆಟುಕೀತು.

ಇನ್ನೊಂದು ಬಗೆಯ ವಿದ್ಯುತ್ ವಿಮಾನವನ್ನು ಈ ನಾಡಿನ ರೈತರು ಈಗಾಗಲೇ ಬಲ್ಲರು, ಅದೇ ಡ್ರೋನು. ಆಳೆತ್ತರ ಬೆಳೆದ ತೊಗರಿಯಲ್ಲಿ ಕಾಯಿಕೊರಕ ಹುಳು ಬಿದ್ದಾಗ ಬೆನ್ನಿಗೆ ಪಂಪು ಕಟ್ಟಿಕೊಂಡು ಒಳಹೊಕ್ಕವನು ವಿಷವನ್ನೇ ಉಸಿರಾಡಬೇಕಾಗುತ್ತದೆ. ಹತ್ತು ಲೀಟರು ಔಷಧ ಹೊತ್ತ ಡ್ರೋನು ಹತ್ತು-ಹದಿನೈದು ನಿಮಿಷ ಮಾತ್ರ ಹಾರುತ್ತದೆ. ಹೊಲದ ಬದುವಿನಲ್ಲಿಯೇ ಬ್ಯಾಟರಿ ಬದಲಿಸಿದರಾಯಿತು. ಇಲ್ಲಿ ದೂರದ ಮಿತಿ ಬಾಧಕವೇ ಅಲ್ಲ. ಮಹಿಳಾ ಸ್ವಸಹಾಯ ಸಂಘಗಳಿಗೆ ಇಂಥ 15,000 ಡ್ರೋನುಗಳನ್ನು ಒದಗಿಸುವ ಯೋಜನೆಗೆ ಕೇಂದ್ರ ಸರಕಾರ 2023ರಲ್ಲಿ ಒಪ್ಪಿಗೆಯಿತ್ತಿತು.

2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲೂಕುಗಳ ನದೀತೀರದ ಹಳ್ಳಿಗಳನ್ನು ನೀರು ಸುತ್ತುವರಿಯಿತು. ಆ ಬಳಿಕ 2021ರ ಸೆಪ್ಟೆಂಬರದಲ್ಲಿ ನೆರೆಯ ತೆಲಂಗಾಣದ ವಿಕಾರಾಬಾದಿನಲ್ಲಿ ಡ್ರೋನುಗಳ ಮೂಲಕ ಔಷಧ, ಲಸಿಕೆಗಳನ್ನು ಆರೋಗ್ಯಕೇಂದ್ರಗಳಿಗೆ ಕಳಿಸುವ ಪ್ರಯೋಗ ನಡೆಯಿತು. ಜೇವರ್ಗಿಯ ಆಸ್ಪತ್ರೆಯಿಂದ ಭೀಮೆಯ ದಂಡೆಗೆ ಹತ್ತಿಪ್ಪತ್ತು ಕಿಲೋಮೀಟರು. ಹಾವಿನ ವಿಷಕ್ಕೆ ಕೊಡುವ ಔಷಧದ ಸೀಸೆಗಳು ಒಂದು ಕಿಲೋ ಸಹ ತೂಗವು. ಬೆಂಗಳೂರಿನವರೆಗೆ ಹಾರಲಾರದ ಬ್ಯಾಟರಿಗೆ ಇಷ್ಟು ದೂರ, ಇಷ್ಟು ಭಾರ ಮೀರಿದ್ದಲ್ಲ.