ಗುತ್ತಿಗೆ ಕಾರ್ಮಿಕರ ಪಿಂಚಣಿ: ಸೇವಾವಧಿಯ ಲೆಕ್ಕ

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕವು 1985ರಲ್ಲಿ ಕಾರ್ಯಾರಂಭ ಮಾಡಿತು. ಸುತ್ತಲಿನ ಗ್ರಾಮಗಳ ಅನೇಕ ಕುಟುಂಬಗಳಿಗೆ ಅಲ್ಲಿನ ಗುತ್ತಿಗೆ ಕೆಲಸವು ಜೀವನಾಧಾರವಾಗಿದೆ. ಟೆಂಡರ್ ಅವಧಿ ಮುಗಿದಾಗ ಗುತ್ತಿಗೆದಾರರು ಬದಲಾಗಬಹುದು. ದುಡಿಯುವ ಕೈಗಳು ಬಹುತೇಕ ಅವೇ. ಇಂತಹ ಕಾರ್ಮಿಕರ ಪಿಂಚಣಿಯು ನೌಕರರ ಪಿಂಚಣಿ ಯೋಜನೆ, 1995ರ ಅಡಿಯಲ್ಲಿ ನಿರ್ಧಾರವಾಗುತ್ತದೆ.

ಮಾಲೀಕರು ಭವಿಷ್ಯನಿಧಿಗೆ ಪಾವತಿಸುವ ಶೇ 12ರ ವಂತಿಗೆಯಲ್ಲಿ ಶೇ 8.33ರಷ್ಟು ಪಿಂಚಣಿ ನಿಧಿಗೆ ಸೇರುತ್ತದೆ. ಕೇಂದ್ರ ಸರ್ಕಾರವು ಶೇ 1.16ರಷ್ಟನ್ನು ನೀಡುತ್ತದೆ. ಕಾರ್ಮಿಕರ ಸ್ವಂತ ವಂತಿಗೆಯು ಪಿಂಚಣಿಗೆ ಹೋಗುವುದಿಲ್ಲ. ಅದು ಭವಿಷ್ಯನಿಧಿಯಲ್ಲಿಯೇ ಉಳಿಯುತ್ತದೆ. ಈ ಎರಡೂ ಖಾತೆಗಳು ಒಂದೇ ಎಂಬ ಭಾವನೆಯಿಂದಲೇ ಹೆಚ್ಚಿನ ನಷ್ಟ ಉಂಟಾಗುತ್ತಿದೆ.

ಮಾಸಿಕ ಪಿಂಚಣಿಯ ಸೂತ್ರ ಸರಳ: ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ವೇತನವೆಂದರೆ ಮೂಲವೇತನ ಹಾಗೂ ತುಟ್ಟಿಭತ್ಯೆ. 2014ರ ಸೆಪ್ಟೆಂಬರ್ 1ರಿಂದ ಅದರ ಮಿತಿ ರೂ. 15,000. ಅದಕ್ಕೂ ಹಿಂದಿನ ಸೇವೆಗೆ ರೂ. 6,500ರ ಮಿತಿಯಂತೆ ಪ್ರತ್ಯೇಕ ಲೆಕ್ಕವಿದೆ. 58 ವರ್ಷ ತುಂಬಿದಾಗ ಪಿಂಚಣಿ ದೊರೆಯಲು ಕನಿಷ್ಠ 10 ವರ್ಷಗಳ ಸೇವೆ ಅಗತ್ಯ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಭಾಗವನ್ನು ಪೂರ್ಣ ವರ್ಷವೆಂದು ಪರಿಗಣಿಸಲಾಗುವುದು.

2015ರಲ್ಲಿ ಸೇರಿ 12 ವರ್ಷ ದುಡಿದ, ರೂ. 14,000 ಸರಾಸರಿ ವೇತನದ ಕಾರ್ಮಿಕರೊಬ್ಬರಿಗೆ ತಿಂಗಳಿಗೆ ರೂ. 2,400 ದೊರೆಯುತ್ತದೆ. ಅದೇ ಕಾರ್ಮಿಕರು ಐದನೆಯ ವರ್ಷದಲ್ಲಿ ಗುತ್ತಿಗೆದಾರ ಬದಲಾದಾಗ ನಮೂನೆ 10ಸಿ ಮೂಲಕ ಪಿಂಚಣಿ ಹಣವನ್ನು ಹಿಂಪಡೆದರೆ ಆ ಐದು ವರ್ಷಗಳು ಲೆಕ್ಕದಿಂದ ಅಳಿದುಹೋಗುತ್ತವೆ. ಉಳಿದ ಏಳು ವರ್ಷಗಳಿಗೆ ಮಾಸಿಕ ಪಿಂಚಣಿಯೇ ಇಲ್ಲ. ಮದುವೆಗೋ ಆಸ್ಪತ್ರೆಗೋ ತುರ್ತಾಗಿ ಹಣ ಬೇಕಾಗುವುದು ಸಹಜ. ಆದರೆ ಭವಿಷ್ಯನಿಧಿಯಿಂದ ನಿಯಮಾನುಸಾರ ಮುಂಗಡ ಪಡೆದರೆ ಪಿಂಚಣಿಯ ಸೇವಾವಧಿಗೆ ಧಕ್ಕೆಯಾಗದು.

ಹೊಸ ಗುತ್ತಿಗೆದಾರರ ಬಳಿ ಸೇರುವಾಗ ಹಳೆಯ ಯುಎಎನ್ ಸಂಖ್ಯೆಯನ್ನೇ ನೀಡಿ ಹಿಂದಿನ ಸೇವೆಯನ್ನು ವರ್ಗಾಯಿಸಿಕೊಳ್ಳಬೇಕು. ಕೆಲಸವಿಲ್ಲದ ಅವಧಿ ಎದುರಾದರೆ ಅದೇ ನಮೂನೆ 10ಸಿಯಲ್ಲಿ ಹಣದ ಬದಲು ಯೋಜನಾ ಪ್ರಮಾಣಪತ್ರವನ್ನು ಕೋರಬಹುದು. ಹಿಂದಿನ ಸೇವೆ ಉಳಿಯುತ್ತದೆ. ಗ್ರಾಮಸಭೆಯ ದಿನ ಸದಸ್ಯರು ತಮ್ಮ ವಾರ್ಡಿನ ಕಾರ್ಮಿಕರ ಪಾಸ್‌ಬುಕ್‌ಗಳನ್ನು ಪರಿಶೀಲಿಸಲು ನೆರವಾಗಬಹುದು. ಪಿಂಚಣಿ ವಂತಿಗೆಯ ಕಾಲಂ ಖಾಲಿ ಇದೆಯೇ, ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯೇ, ಹೆಸರು ಆಧಾರ್‌ಗೆ ಹೊಂದುತ್ತದೆಯೇ ಎಂಬುದನ್ನು ನೋಡಿದರೆ ಸಾಕು. ಗುತ್ತಿಗೆದಾರರು ವಂತಿಗೆ ಪಾವತಿಸದಿದ್ದಲ್ಲಿ ಮೂಲ ಮಾಲೀಕ ಸಂಸ್ಥೆಯೂ ಹೊಣೆಯಾಗುತ್ತದೆ.

ಹತ್ತು ವರ್ಷಗಳ ನಿಯಮ ವಿಧವಾ ಪಿಂಚಣಿಗೆ ಅನ್ವಯಿಸದು. ಸೇವೆಯಲ್ಲಿರುವಾಗ ಕಾರ್ಮಿಕರು ಮೃತಪಟ್ಟಲ್ಲಿ, ಒಂದು ತಿಂಗಳ ವಂತಿಗೆ ಜಮೆಯಾಗಿದ್ದರೂ ಪತ್ನಿಗೆ ಪಿಂಚಣಿಯ ಹಕ್ಕಿದೆ. ಅದರ ಕನಿಷ್ಠ ಮೊತ್ತ ತಿಂಗಳಿಗೆ ರೂ. 1,000. ಇದಕ್ಕೆ ನಮೂನೆ 10ಡಿಯಲ್ಲಿ ಅರ್ಜಿ ಸಲ್ಲಿಸಬೇಕು.